ಅಂಗಿ, ಸೀರೆಗಳ ನಡುವೆ ಸಲಿಂಗಪ್ರೇಮಿ ಮಹಿಳೆ

ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠವು 2025ರ ಮೇ 22ರಂದು ನೀಡಿದ ತೀರ್ಪು ಸಲಿಂಗಪ್ರೇಮಿ ಮಹಿಳೆಯರ ಬದುಕಿನ ಕುರಿತ ಚರ್ಚೆಗೆ ಹೊಸ ಆಯಾಮ ನೀಡಿದೆ. ತನ್ನ ಸಂಗಾತಿಯನ್ನು ಹೆತ್ತವರು ಮನೆಯಲ್ಲಿ ಕೂಡಿಹಾಕಿದ್ದಾರೆಂದು ಮಹಿಳೆಯೊಬ್ಬರು ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದ್ದರು. ನ್ಯಾಯಾಲಯಕ್ಕೆ ಹಾಜರಾದ 25ರ ಹರೆಯದ ಯುವತಿ ತಾನು ಲೆಸ್ಬಿಯನ್ ಎಂದು ಸ್ಪಷ್ಟವಾಗಿ ತಿಳಿಸಿದರು. ತನ್ನನ್ನು ಹೊಡೆದು, 'ಸರಿಪಡಿಸಲು' ಕೆಲವು ಆಚರಣೆಗಳಿಗೆ ಗುರಿಪಡಿಸಲಾಯಿತೆಂದೂ ಹೇಳಿದರು. ನ್ಯಾಯಮೂರ್ತಿಗಳಾದ ಜಿ.ಆರ್. ಸ್ವಾಮಿನಾಥನ್ ಮತ್ತು ವಿ. ಲಕ್ಷ್ಮೀನಾರಾಯಣನ್ ಆಕೆಯನ್ನು ಬಂಧಮುಕ್ತಗೊಳಿಸಿದರು. ಕುಟುಂಬ ಕಟ್ಟಿಕೊಳ್ಳಲು ವಿವಾಹವೊಂದೇ ಮಾರ್ಗವಲ್ಲ ಎಂದ ಪೀಠವು ಪೊಲೀಸರ ನಿಷ್ಕ್ರಿಯತೆಯನ್ನೂ ಖಂಡಿಸಿತು.

ಇಲ್ಲಿ ಏಳುವ ಪ್ರಶ್ನೆಯೆಂದರೆ, ಹೆಣ್ಣೊಬ್ಬಳನ್ನು 'ಸರಿಪಡಿಸುವುದು' ಎಂದರೇನು? ಮನಸ್ಸಿನೊಳಗಿನ ಒಲವು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕತ್ತರಿಸಿದ ಕೂದಲು, ತೊಟ್ಟ ಅಂಗಿ, ನಡೆಯುವ ರೀತಿ. ಆದ್ದರಿಂದಲೇ ತಿದ್ದುಪಡಿಯ ಮೊದಲ ಕೈ ಬೀಳುವುದು ಬಹುತೇಕ ಅವುಗಳ ಮೇಲೆಯೇ.

ಗಂಡುಬೀರಿ ಎಂಬ ಪದ

ಕನ್ನಡದಲ್ಲಿ ಇದಕ್ಕೊಂದು ಸಿದ್ಧ ಪದವಿದೆ: ಗಂಡುಬೀರಿ. ಜೋರಾಗಿ ಮಾತನಾಡುವವಳು, ಮರ ಹತ್ತುವವಳು, ಬೈಕ್ ಓಡಿಸುವವಳು ಎಲ್ಲರೂ ಈ ಬೈಗುಳಕ್ಕೆ ಪಾತ್ರರು. ಆದರೆ ಇದೇ ಸಮಾಜ 'ಮಗಳನ್ನು ಗಂಡುಮಗನಂತೆ ಬೆಳೆಸಿದ್ದೇವೆ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಈ ಹೆಮ್ಮೆಗೆ ಅವಧಿಯ ಮಿತಿಯಿದೆ ಎಂಬುದು ಗಮನಾರ್ಹ. ಮದುವೆಯ ವಯಸ್ಸು ಬರುತ್ತಿದ್ದಂತೆ ಕೂದಲು ಬೆಳೆಸಬೇಕು, ಸೀರೆ ಉಡುವುದನ್ನು ಕಲಿಯಬೇಕು. ಅದಕ್ಕೆ ಒಪ್ಪದವಳು ಅಂದಿನಿಂದ ಮನೆಯ ಸಮಸ್ಯೆಯಾಗುತ್ತಾಳೆ.

ಹಾಗೆಂದು ಗಂಡುಡುಗೆ ತೊಟ್ಟ ಹೆಣ್ಣುಮಕ್ಕಳೆಲ್ಲರೂ ಸಲಿಂಗಪ್ರೇಮಿಗಳಲ್ಲ. ಸಲಿಂಗಪ್ರೇಮಿ ಮಹಿಳೆಯರೆಲ್ಲರೂ ಗಂಡುಡುಗೆ ತೊಡುವುದೂ ಇಲ್ಲ. ಯಾರನ್ನು ಪ್ರೀತಿಸುತ್ತೇವೆ ಎಂಬುದು ಒಂದು, ನಮ್ಮನ್ನು ನಾವು ಹೆಣ್ಣೆಂದೋ ಗಂಡೆಂದೋ ಭಾವಿಸುವುದು ಇನ್ನೊಂದು, ಅದನ್ನು ಉಡುಗೆ ನಡಿಗೆಗಳಲ್ಲಿ ತೋರುವುದು ಮತ್ತೊಂದು. ಅಂಗಿ ತೊಟ್ಟವರಲ್ಲಿ ತಮ್ಮನ್ನು ಟ್ರಾನ್ಸ್ ಪುರುಷರೆಂದು ಗುರುತಿಸಿಕೊಳ್ಳುವವರಿದ್ದಾರೆ. 'ನಾನು ಹೆಣ್ಣೇ, ನನಗೆ ಒಪ್ಪುವ ಉಡುಗೆ ಇದು' ಎನ್ನುವವರೂ ಇದ್ದಾರೆ. ಬೆಂಗಳೂರಿನ 'ಲೆಸ್ಬಿಟ್' ಸಂಘಟನೆ ಲೆಸ್ಬಿಯನ್ನರು, ದ್ವಿಲಿಂಗಿ ಮಹಿಳೆಯರು ಹಾಗೂ ಟ್ರಾನ್ಸ್ ಪುರುಷರನ್ನು ಒಂದೇ ಹೆಸರಿನಡಿ ತಂದದ್ದರ ಹಿಂದೆ ಈ ವೈವಿಧ್ಯದ ಅರಿವಿತ್ತು.

ಪಶ್ಚಿಮದ ಅನುಭವ

ಈ ಚರ್ಚೆ ಅಮೆರಿಕದಲ್ಲಿ ಹಳೆಯದು. ಗಂಡುಶೈಲಿಯ ಲೆಸ್ಬಿಯನ್ನರನ್ನು 'ಬುಚ್' ಎಂದೂ ಹೆಣ್ಣುಶೈಲಿಯವರನ್ನು 'ಫೆಮ್' ಎಂದೂ ಅಲ್ಲಿ ಕರೆಯಲಾಗುತ್ತದೆ. ಬಫಲೋ ನಗರದ ಶ್ರಮಿಕ ವರ್ಗದ ಲೆಸ್ಬಿಯನ್ ಸಮುದಾಯದ ಮೌಖಿಕ ಇತಿಹಾಸವನ್ನು ಎಲಿಜಬೆತ್ ಲಪೋವ್‌ಸ್ಕಿ ಕೆನಡಿ ಮತ್ತು ಮೆಡಲಿನ್ ಡೇವಿಸ್ 1993ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗಂಡುಡುಗೆಯ ಕಾರಣಕ್ಕೆ ಉದ್ಯೋಗದ ಬಾಗಿಲುಗಳು ಮುಚ್ಚಿದ್ದು, ಬೀದಿಯಲ್ಲಿ ಹೊಡೆತ ತಿಂದದ್ದು ಅದರಲ್ಲಿ ದಾಖಲಾಗಿದೆ. ವಿರುದ್ಧ ಲಿಂಗದ ಉಡುಗೆಯನ್ನು ಅಪರಾಧವೆಂದ ಸ್ಯಾನ್ ಫ್ರಾನ್ಸಿಸ್ಕೋದ 1863ರ ಕಾನೂನು ರದ್ದಾದದ್ದು 1974ರಲ್ಲಿ.

ವಿರೋಧ ಹೊರಗಿನಿಂದ ಮಾತ್ರ ಬರಲಿಲ್ಲ. 1970ರ ದಶಕದ ಹಲವು ಸ್ತ್ರೀವಾದಿಗಳು ಬುಚ್-ಫೆಮ್ ಜೋಡಿಯನ್ನು ಗಂಡ-ಹೆಂಡತಿ ಸಂಬಂಧದ ಅನುಕರಣೆಯೆಂದು ಟೀಕಿಸಿದರು. ಲೇಖಕಿ ಜೋನ್ ನೆಸಲ್ ಮೊದಲಾದವರು 1980ರ ದಶಕದಲ್ಲಿ ಇದಕ್ಕೆ ಉತ್ತರ ನೀಡಿ, ಆ ಶೈಲಿ ಅನುಕರಣೆಯಲ್ಲ, ಅಪಾಯದ ನಡುವೆ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುವ ಭಾಷೆಯಾಗಿತ್ತೆಂದು ವಾದಿಸಿದರು.

ಕಂಡರೆ ಶಿಕ್ಷೆ, ಕಾಣದಿದ್ದರೆ ಅಪನಂಬಿಕೆ

ಭಾರತದಲ್ಲಿ ಸಮಸ್ಯೆಗೆ ಎರಡು ಮುಖಗಳಿವೆ. ಗಂಡುಶೈಲಿಯವಳು ಎಲ್ಲರ ಕಣ್ಣಿಗೆ ಬೀಳುತ್ತಾಳೆ. ಬಾಡಿಗೆ ಮನೆ, ಹಾಸ್ಟೆಲ್, ಸಂದರ್ಶನ, ಮಹಿಳೆಯರ ಶೌಚಾಲಯ, ಎಲ್ಲೆಡೆಯೂ ಪ್ರಶ್ನೆ ಎದುರಿಸುತ್ತಾಳೆ. ಪ್ರಕರಣ ಠಾಣೆಗೆ ಹೋದರೆ 'ದಾರಿ ತಪ್ಪಿಸಿದವಳು' ಎಂಬ ಆರೋಪವೂ ಸುಲಭವಾಗಿ ಅವಳ ಹೆಗಲೇರುತ್ತದೆ.

ಸೀರೆ, ಚೂಡಿದಾರ ತೊಟ್ಟು ಉದ್ದ ಜಡೆ ಹಾಕಿದವಳನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಅವಳು ಸತ್ಯ ಹೇಳಿದರೆ ಯಾರೂ ನಂಬುವುದೂ ಇಲ್ಲ. 'ಮದುವೆಯಾದರೆ ಎಲ್ಲವೂ ಸರಿಹೋಗುತ್ತದೆ' ಎಂಬುದೇ ಅವಳಿಗೆ ಸಿಗುವ ಉತ್ತರ. ದೀಪಾ ಮೆಹ್ತಾ ಅವರ 'ಫೈರ್' ಚಿತ್ರ ಪ್ರದರ್ಶಿಸುತ್ತಿದ್ದ ಮುಂಬಯಿ, ದೆಹಲಿಯ ಚಿತ್ರಮಂದಿರಗಳ ಮೇಲೆ 1998ರ ಡಿಸೆಂಬರಿನಲ್ಲಿ ದಾಳಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದರ ನಾಯಕಿಯರು ಮಧ್ಯಮವರ್ಗದ ಕೂಡುಕುಟುಂಬದ ಸೊಸೆಯಂದಿರು, ಓರಗಿತ್ತಿಯರು. ನೆರೆಮನೆಯವರಂತೆಯೇ ಕಾಣುವ ಹೆಂಗಸರು ಹೀಗಿರಬಹುದೆಂಬುದೇ ಹಲವರಿಗೆ ಸಹಿಸಲಾಗದ ಸಂಗತಿಯಾಗಿತ್ತು.

ಕಾನೂನು ಎಲ್ಲಿದೆ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಉಡುಗೆ, ಮಾತು, ವರ್ತನೆಗಳ ಮೂಲಕ ತನ್ನ ಲಿಂಗವನ್ನು ಅಭಿವ್ಯಕ್ತಿಸುವುದು ಸಂವಿಧಾನದ 19(1)(ಎ) ವಿಧಿಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ 'ನಾಲ್ಸಾ' ತೀರ್ಪಿನಲ್ಲಿ ಹೇಳಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧಮುಕ್ತವಾಯಿತು. 'ಪರಿವರ್ತನಾ ಚಿಕಿತ್ಸೆ'ಯನ್ನು ವೈದ್ಯರ ವೃತ್ತಿಪರ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಘೋಷಿಸಿತು. ಹೇಬಿಯಸ್ ಕಾರ್ಪಸ್ ಪ್ರಕರಣಗಳಲ್ಲಿ ಆಪ್ತಸಮಾಲೋಚನೆಯ ಹೆಸರಿನಲ್ಲಿ ವ್ಯಕ್ತಿಯ ಒಲವನ್ನು ಬದಲಿಸುವ ಯತ್ನ ಕೂಡದೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ನ್ಯಾಯಾಲಯಗಳಿಗೆ ಸೂಚಿಸಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ವಿವಾಹದ ಹಕ್ಕನ್ನು ಮಾನ್ಯಮಾಡಲು ಅದೇ ಕೋರ್ಟ್ ನಿರಾಕರಿಸಿತ್ತು.

ಕೊರತೆಯಿರುವುದು ಇವುಗಳ ಆಚೆಗೆ. ಸಂವಿಧಾನದ 15ನೇ ವಿಧಿ ತಾರತಮ್ಯ ಮಾಡದಂತೆ ತಡೆಯುವುದು ಮುಖ್ಯವಾಗಿ ಸರ್ಕಾರವನ್ನು. ಕೂದಲು ಕತ್ತರಿಸಿಕೊಂಡದ್ದಕ್ಕೆ ಕೆಲಸ ನಿರಾಕರಿಸುವ ಖಾಸಗಿ ಮಾಲೀಕನಿಗಾಗಲಿ, ಇಬ್ಬರು ಹೆಂಗಸರಿಗೆ ಮನೆ ಕೊಡದ ಒಡೆಯನಿಗಾಗಲಿ ಅನ್ವಯಿಸುವ, ಲೈಂಗಿಕ ಒಲವನ್ನು ಹೆಸರಿಸಿದ ಸಮಗ್ರ ತಾರತಮ್ಯ ವಿರೋಧಿ ಕಾನೂನು ದೇಶದಲ್ಲಿಲ್ಲ.

ಬೆಂಗಳೂರು, ದೆಹಲಿ, ಕೋಲ್ಕತ್ತಾಗಳಲ್ಲಿ 2008ರ ಜೂನ್ 29ರಂದು ಏಕಕಾಲಕ್ಕೆ ಸ್ವಾಭಿಮಾನ ಮೆರವಣಿಗೆ ನಡೆದಾಗ ಕೆಲವರು ಮುಖವಾಡ ಧರಿಸಿದ್ದರು. ಅಂದಿನಿಂದ ಮಹಾನಗರಗಳಲ್ಲಿ ಬಹಳಷ್ಟು ಬದಲಾಗಿದೆ. ಜಿಲ್ಲಾ ಕೇಂದ್ರಗಳ ಹಾಗೂ ಹಳ್ಳಿಗಳ ಹೆಣ್ಣುಮಕ್ಕಳಿಗೆ ಆ ಬದಲಾವಣೆ ಇನ್ನೂ ದೂರದ ಮಾತು. ಹೈಕೋರ್ಟಿನವರೆಗೆ ಹೋಗಬಲ್ಲವರು ಕೆಲವರು ಮಾತ್ರ. ಉಳಿದವರ ಪಾಲಿಗೆ ಊರಿನ ಠಾಣೆಯೇ ಮೊದಲ ನ್ಯಾಯಾಲಯ. ವಯಸ್ಕ ಯುವತಿ 'ನನಗೆ ಮನೆಗೆ ಹೋಗಲು ಇಷ್ಟವಿಲ್ಲ' ಎಂದಾಗ ಆಕೆಯ ಅಂಗಿಯನ್ನಾಗಲಿ ಜಡೆಯನ್ನಾಗಲಿ ನೋಡದೆ ಹೇಳಿಕೆಯನ್ನು ಬರೆದುಕೊಳ್ಳುವಂತೆ ಠಾಣೆಯ ಸಿಬ್ಬಂದಿಗೆ ತರಬೇತಿ ನೀಡುವ ಹೊಣೆ ರಾಜ್ಯ ಸರ್ಕಾರಗಳದ್ದು. ಅದಕ್ಕೆ ಹೊಸ ಕಾನೂನಿನ ಅಗತ್ಯವೂ ಇಲ್ಲ.