ಬಾಟಲಿ ಕಸಿದುಕೊಳ್ಳುವ ಅಧಿಕಾರ

ಸಿಕ್ಕಿಂ ಪ್ರವಾಸ ಮುಗಿಸಿ ಬಂದ ಪುಣೆಯ ಗೆಳೆಯರೊಬ್ಬರು ಊಟದ ನಡುವೆ ಒಂದು ದೂರು ತೆಗೆದರು. ಉತ್ತರ ಸಿಕ್ಕಿಮಿನ ಲಾಚೆನ್ ಹಳ್ಳಿಯಲ್ಲಿ ಅವರ ಗಾಡಿ ನಿಲ್ಲಿಸಿ, ಒಳಗಿದ್ದ ನೀರಿನ ಬಾಟಲಿಗಳನ್ನೆಲ್ಲ ಕೊಟ್ಟುಹೋಗಿ ಎಂದರಂತೆ. "ಪೊಲೀಸರಲ್ಲ, ಸರ್ಕಾರದವರಲ್ಲ, ಊರಿನವರು! ಇವರಿಗೆ ಈ ಅಧಿಕಾರ ಕೊಟ್ಟವರು ಯಾರು ಮಾರಾಯ್ರೆ?" ಎಂದು ಕೇಳಿದರು. ಐದು ನಿಮಿಷ ಬಿಟ್ಟು ಫೋನ್ ತೆಗೆದು ಅದೇ ಊರಿನ ಚಿತ್ರಗಳನ್ನು ತೋರಿಸುತ್ತ, "ಎಷ್ಟು ಕ್ಲೀನ್ ನೋಡಿ, ನಮ್ಮಲ್ಲಿ ಯಾವಾಗ ಹೀಗಾಗುತ್ತೋ" ಎಂದು ನಿಟ್ಟುಸಿರಿಟ್ಟರು.

ಈ ಎರಡು ಮಾತಿಗೂ ಸಂಬಂಧವಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಲಾಚೆನ್ ಸುಮಾರು 2,700 ಮೀಟರ್ ಎತ್ತರದಲ್ಲಿದೆ. 5,000 ಮೀಟರಿಗೂ ಮೇಲಿರುವ ಗುರುಡೊಂಗ್ಮಾರ್ ಸರೋವರಕ್ಕೆ ಹೋಗುವವರು ರಾತ್ರಿ ತಂಗುವುದು ಇಲ್ಲೇ. ಈ ಊರನ್ನು ಆಳುವುದು ಝುಮ್ಸಾ, ಎಂದರೆ ಮನೆಮನೆಯ ಪ್ರತಿನಿಧಿಗಳು ಸೇರುವ ಸಭೆ. ಅದರ ಮುಖ್ಯಸ್ಥನಿಗೆ ಪಿಪೋನ್ ಎನ್ನುತ್ತಾರೆ. ಅವನನ್ನು ವರ್ಷಕ್ಕೊಮ್ಮೆ ಊರೇ ಆರಿಸುತ್ತದೆ. ಸಭೆಗೆ ತಪ್ಪಿಸಿಕೊಂಡರೆ ದಂಡ. ದನ, ಯಾಕ್‌ಗಳು ಯಾವಾಗ ಯಾವ ಹುಲ್ಲುಗಾವಲಿಗೆ ಹೋಗಬೇಕು, ಕಾಡಿನಿಂದ ಸೌದೆ ಎಷ್ಟು ತರಬಹುದು, ಜಗಳವಾದರೆ ತಪ್ಪು ಯಾರದು, ಇದೆಲ್ಲ ತೀರ್ಮಾನವಾಗುವುದು ಅಲ್ಲೇ. 1975ರಲ್ಲಿ ಸಿಕ್ಕಿಂ ಭಾರತಕ್ಕೆ ಸೇರಿದ ಮೇಲೂ ಈ ಸಭೆ ಉಳಿಯಿತು. 1993ರ ಸಿಕ್ಕಿಂ ಪಂಚಾಯತ್ ಕಾಯ್ದೆ ಬಂದಾಗ ಲಾಚೆನ್ ಮತ್ತು ಪಕ್ಕದ ಕಣಿವೆಯ ಲಾಚುಂಗ್‌ಗಳಲ್ಲಿ ಝುಮ್ಸಾವನ್ನೇ ಪಂಚಾಯತಿಯ ಸ್ಥಾನದಲ್ಲಿ ಮುಂದುವರಿಸಲಾಯಿತು.

ಹಾಗಾಗಿ ಗೆಳೆಯರ ಪ್ರಶ್ನೆಗೆ ಉತ್ತರ ಸರಳ: ಅಧಿಕಾರ ಕೊಟ್ಟದ್ದು ಊರು, ಒಪ್ಪಿದ್ದು ಕಾನೂನು. 2012ರಲ್ಲಿ ಪ್ಲಾಸ್ಟಿಕ್ ಬಾಟಲಿ ನೀರನ್ನು ನಿಷೇಧಿಸಿದ್ದು ಈ ಸಭೆಯೇ. ಇಡೀ ಸಿಕ್ಕಿಂ ರಾಜ್ಯ ಅಂಥದೇ ನಿಷೇಧ ತಂದದ್ದು 2022ರ ಜನವರಿಯಲ್ಲಿ. ಒಂದು ಹಳ್ಳಿಯ ಹಿಂದೆ ಸರ್ಕಾರ ಹತ್ತು ವರ್ಷ ತಡವಾಗಿ ನಡೆಯಿತು.

ನಾವು ಮಾತ್ರ ಇದನ್ನು 'ಸಂಪ್ರದಾಯ' ಎಂದು ಕರೆದು ಮುಗಿಸುತ್ತೇವೆ. ಪ್ರವಾಸಿ ವಿಡಿಯೋಗಳಲ್ಲಿ ಯಾಕ್, ಬಣ್ಣದ ಬಾವುಟ, ಝುಮ್ಸಾ ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ದಂಡ ಹಾಕುವ, ಗಾಡಿ ತಡೆಯುವ, ಇಲ್ಲ ಎನ್ನುವ ಸಭೆಗೆ ಕನ್ನಡದಲ್ಲಿ ಒಳ್ಳೆಯ ಹೆಸರೊಂದಿದೆ: ಸ್ಥಳೀಯ ಸರ್ಕಾರ. ಆ ಮಾತು ನಮ್ಮ ಬಾಯಿಗೆ ಬರುವುದಿಲ್ಲ. ಯಾಕೆಂದರೆ ನಮಗೇ ಅದು ಮರೆತುಹೋಗಿದೆ.

ಇದನ್ನು ಮುಂಬಯಿಯಲ್ಲಿ ಓದುತ್ತಿರುವವರು ನೆನಪು ಮಾಡಿಕೊಳ್ಳಿ. 2022ರ ಮಾರ್ಚ್‌ನಿಂದ 2026ರ ಜನವರಿಯವರೆಗೆ ನಿಮ್ಮ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ. ಪುಣೆಯದೂ ಅದೇ ಕಥೆ. ಚೆನ್ನೈ 2016ರಿಂದ 2022ರವರೆಗೆ ಹಾಗೇ ಇತ್ತು. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದೇ ಆಳ್ವಿಕೆ. ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 73ನೇ ತಿದ್ದುಪಡಿಗೂ ಮೊದಲೇ, ದೇಶಕ್ಕೆ ದಾರಿ ತೋರಿಸಿದ ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದು, ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಐದು ವರ್ಷದೊಳಗೆ ಚುನಾವಣೆ ಆಗಲೇಬೇಕು ಎನ್ನುತ್ತದೆ ಸಂವಿಧಾನ. ನಾವು ಗುಂಡಿ ತಪ್ಪಿಸಿಕೊಂಡು ಆಫೀಸಿಗೆ ಹೋದೆವು. ನೂರಾರು ಮನೆಗಳ ಹಳ್ಳಿ ತಪ್ಪಿಸದ ಸಭೆಯನ್ನು ಕೋಟಿ ಜನರ ನಗರಗಳು ತಪ್ಪಿಸಿದವು. ದಂಡ ಮಾತ್ರ ಯಾರಿಗೂ ಬೀಳಲಿಲ್ಲ.

ಝುಮ್ಸಾ ಸ್ವರ್ಗವೇನಲ್ಲ. ಮನೆಗೊಬ್ಬರು ಎಂದರೆ ಹೆಚ್ಚಾಗಿ ಮನೆಯ ಗಂಡಸು. ಪಿಪೋನ್ ಹುದ್ದೆ ಗಂಡಸರದೇ ಆಗಿ ನಡೆದು ಬಂದಿದೆ. ಪಂಚಾಯತಿಗಳಲ್ಲಿ ಹೆಣ್ಣುಮಕ್ಕಳಿಗೆ ಮೀಸಲಾದ ಕುರ್ಚಿ ಇಲ್ಲಿಲ್ಲ. ಇದು ಸಣ್ಣ ಕೊರತೆಯಲ್ಲ, ಪರಂಪರೆಯ ಹೆಸರಿನಲ್ಲಿ ಕ್ಷಮಿಸುವಂಥದ್ದೂ ಅಲ್ಲ. ಆದರೆ ಇದನ್ನೇ ನೆಪ ಮಾಡಿಕೊಂಡು ಸಭೆಯನ್ನೇ ಎತ್ತಿಹಾಕಿ ಅಧಿಕಾರಿಯನ್ನು ಕೂರಿಸಿದರೆ ಹೆಣ್ಣುಮಕ್ಕಳ ಜತೆಗೆ ಗಂಡಸರ ಮಾತೂ ಹೋಗುತ್ತದೆ. ಸಭೆಯ ಬಾಗಿಲು ಅಗಲ ಮಾಡಬೇಕು, ಮುಚ್ಚಬಾರದು.

ಇನ್ನು ಆ ಬಾಗಿಲಿನ ಹೊರಗೆ ಏನು ನಡೆಯುತ್ತದೆ ನೋಡಿ. 2023ರ ಅಕ್ಟೋಬರ್ 3ರ ರಾತ್ರಿ ಲಾಚೆನ್‌ಗಿಂತ ಎಷ್ಟೋ ಮೇಲಿರುವ ದಕ್ಷಿಣ ಲ್ಹೋನಾಕ್ ಹಿಮಸರೋವರ ಒಡೆಯಿತು. ಆ ಪ್ರವಾಹ ಕೆಳಗೆ ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವ್ಯಾಟ್‌ನ ತೀಸ್ತಾ-3 ಯೋಜನೆಯ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಯಿತು. ಸೇತುವೆಗಳು ಹೋದವು, ಲಾಚೆನ್ ದಿನಗಟ್ಟಲೆ ಹೊರಜಗತ್ತಿನಿಂದ ಕಡಿದುಹೋಯಿತು. 60 ಮೀಟರ್ ಎತ್ತರದ ಆ ಅಣೆಕಟ್ಟಿನ ಜಾಗದಲ್ಲಿ ಸುಮಾರು 118 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು ಕಟ್ಟಬಹುದು ಎಂದು 2025ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ ಶಿಫಾರಸು ಮಾಡಿತು. ಕಣಿವೆಯ ಜನರನ್ನು ಹೊಸದಾಗಿ ಕೂರಿಸಿ ಕೇಳದೆಯೇ.

ಚುಂಗ್‌ಥಾಂಗ್ ಲಾಚೆನ್ ಝುಮ್ಸಾದ ಗಡಿಯೊಳಗಿಲ್ಲ, ಸರಿ. ಆದರೆ ಲಾಚೆನ್‌ಗೆ ಹೋಗುವ ರಸ್ತೆ ಅದನ್ನು ದಾಟಿಯೇ ಹೋಗಬೇಕು, ಎರಡೂ ಊರು ಇರುವುದು ಒಂದೇ ನೀರಿನ ದಂಡೆಯಲ್ಲಿ. ಪ್ರವಾಸಿಯ ಒಂದು ಲೀಟರ್ ಬಾಟಲಿ ಬೇಡ ಎನ್ನಲು ಕಾನೂನು ಈ ಜನರಿಗೆ ಬಲ ಕೊಡುತ್ತದೆ. ಇಡೀ ನದಿಯನ್ನು ತಡೆಯುವ ಗೋಡೆ ಬೇಕೋ ಬೇಡವೋ ಎಂದಾಗ ಅವರ ಮಾತು ಯಾರಿಗೂ ಬೇಡ. ಸ್ಥಳೀಯ ಸರ್ಕಾರವನ್ನು ನಾವು ಕಸದ ಮಟ್ಟಕ್ಕೆ ಮಾತ್ರ ಸಹಿಸುತ್ತೇವೆ, ಬೆಟ್ಟದಲ್ಲೂ ಬಯಲಿನಲ್ಲೂ.

ಮುಂದಿನ ರಜೆಗೆ ಲಾಚೆನ್‌ಗೆ ಹೊರಟಿದ್ದರೆ ಗೊಣಗದೆ ಬಾಟಲಿ ಕೊಟ್ಟುಬಿಡಿ. ಊರಿಗೆ ವಾಪಸು ಬಂದ ಮೇಲೆ ನಿಮ್ಮ ವಾರ್ಡಿನ ಸಭೆ ಕೊನೆಯ ಸಲ ನಡೆದದ್ದು ಯಾವಾಗ ಎಂದು ವಿಚಾರಿಸಿ. ಉತ್ತರ ಸಿಗದಿದ್ದರೆ, ನನ್ನ ಗೆಳೆಯರು ಕೇಳಿದ ಪ್ರಶ್ನೆಯನ್ನೇ ಅಲ್ಲೂ ಕೇಳಿ: ಇವರಿಗೆ ಈ ಅಧಿಕಾರ ಕೊಟ್ಟವರು ಯಾರು?