ದಾಸೋಹದ ತೋಟಕ್ಕೆ ಎಂಥ ಟ್ರ್ಯಾಕ್ಟರು?

ಕನ್ನಡ ಪಂಡಿತನೊಬ್ಬನು ಟ್ರ್ಯಾಕ್ಟರಿನ ವಿಷಯವಾಗಿ ಲೇಖನಿ ಹಿಡಿದಿರುವುದನ್ನು ಕಂಡು ಈ ಸಂಚಿಕೆಯ ವಾಚಕರಲ್ಲಿ ಕೆಲವರಾದರೂ ನಗದಿರರು. ಗಣ, ಮಾತ್ರೆಗಳನ್ನು ಎಣಿಸುವವನಿಗೆ ಅಶ್ವಶಕ್ತಿಯ ಲೆಕ್ಕವೇಕೆ ಎಂದು ಕೇಳಿದರೆ ತಪ್ಪೇನೂ ಇಲ್ಲ. ಆದರೆ ಪ್ರಸಾದ ನಿಲಯದ ತರಕಾರಿ ತೋಟದ ಮೇಲ್ವಿಚಾರಣೆ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹಳೆಯ ವಿದ್ಯಾರ್ಥಿಗಳ ಒಂದು ತಂಡವು ಆ ತೋಟಕ್ಕೆ ಟ್ರ್ಯಾಕ್ಟರೊಂದನ್ನು ಸಮರ್ಪಿಸಲು ಸಂಕಲ್ಪಿಸಿರುವುದು ತಮಗೆಲ್ಲ ವಿದಿತವೇ ಇದೆ. ಎಂಥದನ್ನು ಕೊಳ್ಳಬೇಕೆಂಬ ಬಗ್ಗೆ ಮಾತ್ರ ಸಭೆಯಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ದಾನಿಗಳಲ್ಲಿ ಬಹುಮಂದಿ 50 ಅಶ್ವಶಕ್ತಿಯ ದೊಡ್ಡ ಯಂತ್ರವೇ ಮಠದ ಘನತೆಗೆ ತಕ್ಕುದೆಂದು ಭಾವಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಅಂದು ಹೊತ್ತು ಮೀರಿದ್ದರಿಂದ ಅದನ್ನು ಪೂರ್ತಿಯಾಗಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ತೋಟದ ವಿಸ್ತಾರ 5 ಎಕರೆ, ಮಣ್ಣು ಎರೆ. ಜೋಳದ ಹೊಲದಂತೆ ಇಡೀ ನೆಲವನ್ನು ಒಮ್ಮೆಗೇ ಬಿತ್ತಿ ಒಮ್ಮೆಗೇ ಕೊಯ್ಯುವ ಬೇಸಾಯ ಇದಲ್ಲ. ಒಂದು ತುಂಡಿನಲ್ಲಿ ಬದನೆ ಕಾಯಿ ಬಿಡುತ್ತಿರುವಾಗ ಪಕ್ಕದ ತುಂಡು ಮೆಂತ್ಯವನ್ನು ಕಿತ್ತು ಬರಿದಾಗಿ ಮುಂದಿನ ಬೆಳೆಗೆ ಕಾದಿರುತ್ತದೆ; ಅದರಾಚೆ ಈರುಳ್ಳಿಯ ಸಸಿಮಡಿ, ಮೆಣಸಿನ ಸಾಲು. ಅಡುಗೆಯ ಮನೆಗೆ ದಿನದಿನವೂ ಕಾಯಿಪಲ್ಯ ಸಲ್ಲಬೇಕಾದರೆ ಹೀಗೆ ತುಂಡುತುಂಡಾಗಿ ಬೆಳೆಯಲೇಬೇಕು. ಇಂಥ ನೆಲದಲ್ಲಿ ಯಂತ್ರವು ತಿರುಗಬೇಕಾದುದು ಬೆಳೆಗಳ ನಡುವೆಯೇ ಹೊರತು ಬಯಲಿನಲ್ಲಲ್ಲ.

ಕಳೆದ ಹಂಗಾಮಿನಲ್ಲಿ ನಾವು ಒಂದು ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸಿದೆವು. ಅದು ನಾವು ಕರೆದ ದಿನ ಬರಲಿಲ್ಲ, ಬಿಡುವಾದಾಗ ಬಂದಿತು. ಅಷ್ಟರಲ್ಲಿ ಮಳೆ ಬಿದ್ದಿತ್ತು, ನೆಲ ಇನ್ನೂ ಆರಿರಲಿಲ್ಲ. ಬಂದವರನ್ನು ಹಿಂದಕ್ಕೆ ಕಳುಹಿಸಿದರೆ ಮತ್ತೆ ಯಾವಾಗ ಬಂದಾರೋ ಎಂಬ ಭಯದಿಂದ ನಾನೇ ಒಪ್ಪಿಗೆ ಕೊಟ್ಟೆ. ತಪ್ಪು ನನ್ನದು. ಮೇಲೆ ನೋಡಲು ಮಣ್ಣು ಮೃದುವಾಗಿ, ಹಿಟ್ಟಿನಂತೆ ಕಾಣುತ್ತಿತ್ತು. ಕೆಳಗೆ ಗಾಲಿ ತುಳಿದ ಜಾಡುಗಳು ಇಟ್ಟಿಗೆಯಾಗಿದ್ದುವು. ಅಲ್ಲಿ ಹಾಕಿದ ಮೂಲಂಗಿ, ಗಜ್ಜರಿಗಳು ಗೇಣುದ್ದ ಇಳಿಯಲಾರದೆ ನಡುವೆಯೇ ಕವಲೊಡೆದು ಪಂಚೆಯುಟ್ಟ ಕುಳ್ಳರ ಹಾಗೆ ಎರಡು ಕಾಲು ಬಿಟ್ಟುವು. ಹುಡುಗರಿಗೆ ಅದೊಂದು ವಿನೋದ. ಅಡುಗೆಯವರಿಗೆ ಸಿಪ್ಪೆ ಹೆರೆಯುವುದೇ ಕಷ್ಟವಾಯಿತು.

ಇದರ ಕಾರಣ ನಿಗೂಢವಲ್ಲ. 50 ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕ ಸುಮಾರು 20 ಕ್ವಿಂಟಲ್. ಹಿಂದೆ ಕಟ್ಟಿದ ಸಲಕರಣೆಯ ಭಾರ ಬೇರೆ. ನೆಲದ ಮೇಲ್ಪದರದ ಒತ್ತು ಗಾಲಿಯೊಳಗಿನ ಗಾಳಿಯನ್ನು ಹೆಚ್ಚಾಗಿ ಅವಲಂಬಿಸಿದರೆ, ಆಳಕ್ಕೆ ಇಳಿಯುವ ಒತ್ತು ಅಚ್ಚಿನ ಮೇಲಣ ಭಾರವನ್ನು ಅವಲಂಬಿಸುತ್ತದೆ. ಮೇಲಿನದನ್ನು ಒಂದು ಕುಂಟೆ ಹೊಡೆದು ಸಡಿಲಿಸಬಹುದು; ಆಳದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ತನ್ನನ್ನು ತಾನೇ ಸಡಿಲಿಸಿಕೊಳ್ಳುವುದೆಂದು ಹಿರಿಯರು ಹೇಳುವುದು ನಿಜ. ಆದರೆ ವರ್ಷವಿಡೀ ನೀರುಣ್ಣುವ ತೋಟಕ್ಕೆ ಹಾಗೆ ಬಿರಿಯುವ ವಿರಾಮವೆಲ್ಲಿ?

ತೂಕಕ್ಕಿಂತಲೂ ಮುಖ್ಯವಾದುದು ಅಗಲ. ಬದನೆಯ ಸಾಲನ್ನು ನಾವು 3 ಅಡಿಗೆ ಒಂದರಂತೆ ಹಿಡಿಯುತ್ತೇವೆ. ದೊಡ್ಡ ಟ್ರ್ಯಾಕ್ಟರಿನ ಹಿಂಗಾಲಿಗಳ ನಡುನಡುವಿನ ಅಂತರವನ್ನು ಕಿರಿದುಗೊಳಿಸಿದರೂ ಅದು 4 ಅಡಿ 3 ಅಂಗುಲದ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಲಿಯ ದಪ್ಪ 14 ಅಂಗುಲ. ಒಂದು ಸಾಲನ್ನು ಹೊಟ್ಟೆಯ ಕೆಳಗೆ ಹಾಯಿಸಿಕೊಂಡು ಅದು ಸಾಗಿದರೆ ಗಾಲಿಯ ಹೊರ ಅಂಚು ಪಕ್ಕದ ಸಾಲಿನ ಬುಡದಿಂದ ಬರಿಯ ಮೂರೂವರೆ ಅಂಗುಲ ದೂರದಲ್ಲಿ ಉರುಳುತ್ತದೆ. ಬೇರಿನ ಗತಿಯೇನು, ರೆಂಬೆಯ ಗತಿಯೇನು? ಗಾಲಿಗಳ ಅಂತರ 3 ಅಡಿ, ದಪ್ಪ 8 ಅಂಗುಲ ಇರುವ ಸಣ್ಣ ಯಂತ್ರವಾದರೆ ಎರಡೂ ಕಡೆಗೆ 14 ಅಂಗುಲ ಎಡೆ ದೊರೆಯುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಗೆರೆ ಎಳೆದು ಹತ್ತನೆಯ ತರಗತಿಯ ಹುಡುಗರಿಂದಲೇ ಲೆಕ್ಕ ಮಾಡಿಸಿದ್ದೇನೆ. ಗಿಡ ಒಂದಡಿ ಎತ್ತರವಾಗುವ ತನಕ ಮಾತ್ರ ಈ ಉಪಾಯ ನಡೆಯುತ್ತದೆಂಬುದನ್ನೂ ಹೇಳಬೇಕು. ಸಣ್ಣ ಟ್ರ್ಯಾಕ್ಟರಿನ ಹೊಟ್ಟೆ ನೆಲದಿಂದ ಅಷ್ಟೇ ಮೇಲಿರುತ್ತದೆ. ಆಮೇಲಿನ ಕಳೆ ಕೈಯಿಂದಲೇ ಆಗಬೇಕು, ಅಥವಾ ಎಡೆಕುಂಟೆಯಿಂದ.

ಶಕ್ತಿಯ ವಿಚಾರಕ್ಕೆ ಬರೋಣ. ಒಂದು ಜೋಡಿ ಎತ್ತು ದಿನವಿಡೀ ಸಮನಾಗಿ ದುಡಿದರೆ ಹೊಮ್ಮುವ ಶಕ್ತಿ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. ಹಾಗಾದರೆ 5 ಎಕರೆ ತೋಟಕ್ಕೆ 50 ಜೋಡಿ ಎತ್ತು ಕಟ್ಟಲು ನಮ್ಮ ಪೂರ್ವಿಕರಲ್ಲಿ ಯಾರಾದರೂ ಒಪ್ಪುತ್ತಿದ್ದರೇ? ಎರೆಮಣ್ಣಿನಲ್ಲಿ 4 ಅಡಿಯ ರೋಟವೇಟರನ್ನು ಎಳೆದು ತಿರುಗಿಸಲು 20ರಿಂದ 25 ಅಶ್ವಶಕ್ತಿ ಸಾಕು. ಗಂಟೆಗೆ ಎರಡೂವರೆ ಕಿಲೋಮೀಟರಿನಂತೆ ಅದು ನಡೆದರೆ, ತಿರುವುಗಳ ಹೊತ್ತನ್ನೂ ಸೇರಿಸಿ ಎಕರೆಗೆ 2 ಗಂಟೆ ಹಿಡಿಯುತ್ತದೆ; ಇಡೀ ತೋಟ 10 ಗಂಟೆಯ ಕೆಲಸ. ಇದಕ್ಕಿಂತ ಅವಸರ ನಮಗೇನಿದೆ? (ರೋಟವೇಟರನ್ನು ಬೇಕಾಬಿಟ್ಟಿ ಓಡಿಸಬಾರದೆಂಬುದೂ ನನ್ನ ಹಟ. ಪದೇಪದೇ ಹೊಡೆದರೆ ಮಣ್ಣು ಧೂಳಾಗಿ, ಮೊದಲ ಮಳೆಗೇ ಹೆಪ್ಪುಗಟ್ಟುತ್ತದೆ.)

ಹಾಗೆಂದು ತೀರ ಚಿಕ್ಕದಕ್ಕೂ ನನ್ನ ಸಮ್ಮತಿಯಿಲ್ಲ. ಪವರ್ ಟಿಲ್ಲರ್ ಸಾಕೆಂದು ಒಬ್ಬ ಗೆಳೆಯರು ಸೂಚಿಸಿದರು. 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯಿಂದಾಗಿ ಆ ಯಂತ್ರ ನಮ್ಮ ನಾಡಿಗೆ ಬಹುಕಾಲದಿಂದ ಪರಿಚಿತ. ಗದ್ದೆಯ ಸೀಮೆಯಲ್ಲಿ ಅದರ ಉಪಕಾರ ದೊಡ್ಡದು. ಆದರೆ ಅದರ ಹಿಡಿಕೆ ಹಿಡಿದು ಹಿಂದೆ ನಡೆಯಬೇಕು. ನಮ್ಮ ತೋಟದ ಹಿರಿಯರಿಗೆ ಅರವತ್ತು ದಾಟಿದೆ. ಎರವಲು ತಂದು ಒಂದು ದಿನ ಓಡಿಸಿದುದಕ್ಕೆ ರಾತ್ರಿ ಅನ್ನದ ತುತ್ತು ಎತ್ತಲೂ ಅವರ ಕೈ ನಡುಗುತ್ತಿತ್ತು. ಆ ಕೈಯನ್ನು ಕಂಡ ಮೇಲೆ ನಾನು ಟಿಲ್ಲರಿನ ಮಾತನ್ನು ಎತ್ತಲಿಲ್ಲ. 2021ರಲ್ಲಿ ಸ್ವರಾಜ್ ಸಂಸ್ಥೆ ತೋಟಗಾರಿಕೆಗೆಂದೇ ಹೊರತಂದ ‘ಕೋಡ್’ ಎಂಬ 11 ಅಶ್ವಶಕ್ತಿಯ ಕಿರಿಯ ಯಂತ್ರವೂ ಇದೆ. ಕಳೆ ತೆಗೆಯಲು, ಔಷಧಿ ಸಿಂಪಡಿಸಲು ಅದು ಒದಗೀತು; ಒಣಗಿದ ಎರೆಯನ್ನು ಅದರಿಂದ ಒಡೆಸಲು ನನಗೆ ಧೈರ್ಯ ಸಾಲದು.

ಧಾರವಾಡದ ಕೃಷಿ ಮೇಳಕ್ಕೆ ಹೋಗಿ ಮಳಿಗೆಮಳಿಗೆಯಲ್ಲೂ ಅಳತೆಯ ಪಟ್ಟಿ ಹಿಡಿದು ಗಾಲಿಗಳ ಅಂತರವನ್ನು ಅಳೆದೆ. ಮಾರುವವರು ಹೇಳುವುದು ಎಂಜಿನ್ನಿನ ಶಕ್ತಿಯನ್ನು. ಸಲಕರಣೆಗೆ ತಲಪುವುದು ಹಿಂದಿನ ತಿರುಗುದಂಡದ ಶಕ್ತಿ. ಅದು ಎಂಜಿನ್ನಿನದಕ್ಕಿಂತ ಶೇಕಡ 10-15ರಷ್ಟು ಕಡಿಮೆ. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯೊಂದಿದ್ದು, ಅಲ್ಲಿ ಟ್ರ್ಯಾಕ್ಟರುಗಳ ಪರೀಕ್ಷೆ ನಡೆದು ವರದಿ ಸಿದ್ಧವಾಗುತ್ತದೆ. ಆ ವರದಿಯನ್ನು ಕೇಳಿ ಓದಿದ ಮೇಲೆಯೇ ಹಣ ಕೊಡಬೇಕು. ನಾಲ್ಕು ಗಾಲಿಗಳಿಗೂ ಎಳೆತವಿರಲಿ. ಹಸಿ ನೆಲದಲ್ಲಿ ಹಗುರವಾದ ಯಂತ್ರ ಜಾರದಿರಲು ಅದೇ ಉಪಾಯ. ಬಸವನ ಹುಳುವಿನಂತೆ ನಡೆಯುವ ಅತಿ ಮಂದ ಗೇರೊಂದು ಇರಲಿ. ಏರುಮಡಿ ಕಟ್ಟುವಾಗ ಅದಿಲ್ಲದೆ ನಡೆಯದು. ಬಿಡಿಭಾಗ ಮತ್ತು ರಿಪೇರಿ ತಾಲ್ಲೂಕಿನಲ್ಲೇ ದೊರೆಯುವಂತಿರಲಿ. ಬಣ್ಣದ ಆಯ್ಕೆಯನ್ನು ದಾನಿಗಳಿಗೆ ಬಿಟ್ಟಿದ್ದೇನೆ.

ಪಂಡಿತನ ಚಪಲದಿಂದ ಇಲ್ಲೊಂದು ಮಾತು. ‘ಟ್ರ್ಯಾಕ್ಟರ್’ ಎಂಬುದು ಎಳೆಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಶಬ್ದ. ನಮ್ಮ ಹಳಗನ್ನಡದ ‘ಏರ್’ ಎಂಬುದಾದರೋ ನೇಗಿಲಿಗೆ ಹೂಡಿದ ಎತ್ತಿನ ಜೋಡಿಯನ್ನು ಹೇಳುತ್ತದೆ. ಎತ್ತು ಮತ್ತು ನೇಗಿಲು ಒಂದೇ ಮಾತಿನಲ್ಲಿ ಅಡಗಿವೆ. ಈಗಿನ ದಾನಗಳಲ್ಲಿ ಈ ಎರಡನೆಯದು ಮರೆತುಹೋಗುತ್ತಿದೆ. ರೋಟವೇಟರ್, ಮಡಿ ಕಟ್ಟುವ ಸಲಕರಣೆ, ಸಣ್ಣ ಟ್ರೇಲರು, ಎಡೆ ಹೊಡೆಯುವ ಹಲ್ಲುಗಳು ಇಲ್ಲದ ಟ್ರ್ಯಾಕ್ಟರು ಮಠದ ಅಂಗಳದಲ್ಲಿ ನಿಂತ ಅಲಂಕಾರವಷ್ಟೆ. ದೊಡ್ಡದಕ್ಕೆಂದು ಕೂಡಿಸಿದ ಮೊತ್ತದಲ್ಲಿ ಸಣ್ಣದೂ, ಅದರ ಸಲಕರಣೆಗಳೂ ಬಂದು ಇನ್ನೂ ಒಂದಿಷ್ಟು ಉಳಿದೀತು. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರುಗಳ ಮೇಲಣ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದುದೂ ಅನುಕೂಲವೇ. ಉಳಿದುದನ್ನು ಚಾಲಕನ ಎರಡು ವರ್ಷದ ಸಂಬಳಕ್ಕೆ ಮೀಸಲಿಡಬೇಕೆಂದು ನನ್ನ ಬೇಡಿಕೆ. ತೋಟದ ಹಿರಿಯರ ಮಗ ನಮ್ಮ ಶಾಲೆಯಲ್ಲೇ ಓದಿದವನು. ಕೆಲಸ ಸಿಕ್ಕದೆ ನಗರದ ಹಾದಿ ನೋಡುತ್ತಿದ್ದಾನೆ. ಸಂಬಳಕ್ಕೆ ಅಮೃತಶಿಲೆಯ ಫಲಕ ಹಾಕಲಾಗದು, ಬಲ್ಲೆ. ಆದರೂ ಕೇಳುತ್ತೇನೆ.

ಬಾಡಿಗೆಯೇ ಇರುವಾಗ ಸ್ವಂತದ್ದೇಕೆ ಎಂಬ ಪ್ರಶ್ನೆಯೂ ಬಂದಿತ್ತು. 2014-15ರಿಂದ ಸರ್ಕಾರವು ಹೋಬಳಿಗಳಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳು ಈ ಕೆಲಸಕ್ಕೇ ಇವೆ. ಬಯಲು ಹೊಲದವರಿಗೆ ಅವು ಒಳ್ಳೆಯ ದಾರಿ. ನಮ್ಮದು ಹದದ ಪ್ರಶ್ನೆ. ಎರೆಮಣ್ಣಿನ ಹದ ಎರಡು ದಿನದ ಅತಿಥಿ. ಮೊದಲ ದಿನ ಅಂಟು, ಮೂರನೆಯ ದಿನ ಹೆಂಟೆ. ತುಂಡುತುಂಡಿಗೂ ಬೇರೆಬೇರೆ ಹೊತ್ತಿನಲ್ಲಿ ಬರುವ ಆ ಹದವನ್ನು ಹಿಡಿಯಲು ಯಂತ್ರ ಕೈಯಳತೆಯಲ್ಲಿರಬೇಕು. ನಮ್ಮ ಕೆಲಸವೆಲ್ಲ ಕೂಡಿದರೂ ವರ್ಷಕ್ಕೆ 150 ಗಂಟೆ ಮೀರಲಿಕ್ಕಿಲ್ಲ. ಮಿಕ್ಕ ಕಾಲ ಅದು ಸುತ್ತಲಿನ ಸಣ್ಣ ಹಿಡುವಳಿದಾರರ ಹೊಲಕ್ಕೆ, ಎಣ್ಣೆ ಮತ್ತು ಚಾಲಕನ ಖರ್ಚಿನ ಮಟ್ಟಿಗಷ್ಟೇ ಪಡೆದು, ಹೋಗಬೇಕು. 2015-16ರ ಕೃಷಿ ಗಣತಿಯಂತೆ ನಮ್ಮ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಎಂದರೆ ಮೂರೂವರೆ ಎಕರೆಗೂ ಕಡಿಮೆ. ನಿಲಯದಲ್ಲಿ ಉಣ್ಣುವ ಮಕ್ಕಳಲ್ಲಿ ಬಹುಮಂದಿ ಅಂಥ ಮನೆಗಳಿಂದಲೇ ಬಂದವರು. ಅವರ ತಂದೆಯ ಮೆಣಸಿನ ಸಾಲಿಗೂ ಸಣ್ಣ ಟ್ರ್ಯಾಕ್ಟರೇ ಹೊಂದುವುದು. 50 ಅಶ್ವಶಕ್ತಿಯದು ಬಂದರೆ ಅದು ಮರಳು ಹೇರಲು, ಜಾತ್ರೆಯ ಮೆರವಣಿಗೆಗೆ ಸಲ್ಲುವುದೇ ಹೆಚ್ಚೆಂದು ನನ್ನ ಅಂಜಿಕೆ.

ಇದು ಮಕ್ಕಳಿರುವ ಜಾಗ ಎಂಬುದನ್ನು ಕೊನೆಯಲ್ಲಿ ಹೇಳುತ್ತಿದ್ದರೂ ಮನಸ್ಸಿನಲ್ಲಿ ಅದೇ ಮೊದಲು. ಹಿಂದಿನ ತಿರುಗುದಂಡ ನಿಮಿಷಕ್ಕೆ 540 ಸುತ್ತು, ಎಂದರೆ ಒಂದು ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಅಂಚು ಸಿಕ್ಕಿದರೆ ಕೂಗಲೂ ಸಮಯವಿಲ್ಲ. ಅದಕ್ಕೆ ಕವಚ, ಚಾಲಕನ ತಲೆಯ ಮೇಲೆ ಉರುಳುರಕ್ಷೆಯ ಕಮಾನು ಇರದ ಯಂತ್ರವನ್ನು, ಅದು ಪುಕ್ಕಟೆ ಬಂದರೂ, ತೋಟದೊಳಕ್ಕೆ ಬಿಡಲಾರೆ. ಕಿರಿದಾದ ಟ್ರ್ಯಾಕ್ಟರು ಬದುವಿನ ಮೇಲೆ ಬೇಗ ಪಕ್ಕಕ್ಕೆ ವಾಲುತ್ತದೆ. ಅದರ ಮಡ್‌ಗಾರ್ಡಿನ ಮೇಲೆ ಹುಡುಗರು ಕೂರುವುದಂತೂ ಸರ್ವಥಾ ಕೂಡದು. ಯಂತ್ರ ಬಂದರೂ ಬೆಳಗಿನ ಕಾಯಕದ ಗಂಟೆ ಹಾಗೆಯೇ ಉಳಿಯುತ್ತದೆ. ಕಳೆ ಕೀಳುವುದು, ಕಾಯಿ ಬಿಡಿಸುವುದು ಮಕ್ಕಳದೇ. ಮುದುಕರ ರಟ್ಟೆಯಿಂದ ಆಗದ ಉಳುಮೆಯಷ್ಟೇ ಯಂತ್ರದ್ದು.

ಮುಂದಿನ ತಿಂಗಳು ಖರೀದಿಗೆ ಹೊರಡುವ ತಂಡ ಮಳಿಗೆಗೆ ಹೋಗುವ ಮುನ್ನ ಒಂದು ಬೆಳಗ್ಗೆ ತೋಟಕ್ಕೆ ಬರಲೆಂದು ಕೋರುತ್ತೇನೆ. ಬದನೆಯ ಸಾಲು ಈಗ ಹೂಬಿಟ್ಟು ನಿಂತಿದೆ. ಅಳತೆಯ ಪಟ್ಟಿ ನನ್ನ ಬಳಿ ಇದೆ.