ಲ್ಯಾಪ್‌ಟಾಪ್ ಟ್ರಂಕಿನಲ್ಲಿ ಬೇಡ, ಪಡಸಾಲೆಯಲ್ಲಿರಲಿ

ಮಂಗಳೂರಿನ ಮತ್ತು ಸುತ್ತಲ ಹಳ್ಳಿಗಳ ಪಾಲಕರೇ, ಅಜ್ಜ-ಅಜ್ಜಿಯರೇ,

ಇದು ಕಡಲ ದಂಡೆಯ ಮಂಗಳೂರಿನ ಮಾತಲ್ಲ, ಯಲಬುರ್ಗಾ ಸೀಮೆಯ ನಮ್ಮ ಮಂಗಳೂರಿನದು. ಕುಷ್ಟಗಿ, ಗಂಗಾವತಿ, ಕೊಪ್ಪಳದ ಕಡೆಯವರಿಗೂ ಹೊಂದುತ್ತದೆ.

ಹತ್ತು ವರ್ಷದ ಹಿಂದೆ ನಮ್ಮೂರ ಮನೆಗಳಲ್ಲಿ ಲ್ಯಾಪ್‌ಟಾಪ್ ಅಪರೂಪ. ಈಗ ಹಾಗಿಲ್ಲ. ಸರಕಾರಿ ಶಾಲೆಯಲ್ಲಿ ಓದಿ ಎಸ್‌ಎಸ್‌ಎಲ್‌ಸಿಯಲ್ಲಿ ತಾಲೂಕಿಗೆ ಮುಂದೆ ಬಂದ ಮಕ್ಕಳಿಗೆ ಶಿಕ್ಷಣ ಇಲಾಖೆ ಕೊಡುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಗೌಂಡಿ ಕೆಲಸದವರ ಮಕ್ಕಳಿಗೂ ಕೊಟ್ಟಿದೆ. 2020ರಲ್ಲಿ ಸರಕಾರಿ ಪದವಿ ಕಾಲೇಜುಗಳ ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಹಂಚಿದರು. ಅಣ್ಣನಿಗೆ ಬಂದದ್ದು ತಂಗಿಯ ಕೈಗೆ ಬಂತು. ಕೆಲವರು ಸಾಲ ಮಾಡಿ ಹಳೇದನ್ನು ಕೊಂಡರು.

ಬಂದದ್ದಕ್ಕೆ ಮನೆಯಲ್ಲಿ ಎರಡೇ ಗತಿ. ಒಂದೋ, 'ಹುಡುಗ ಕೆಟ್ಟು ಹೋಗ್ತಾನ' ಎಂದು ಟ್ರಂಕಿಗೆ ಹಾಕಿ ಕೀಲಿ. ಇಲ್ಲವೇ, 'ನಮಗೇನ್ ತಿಳೀತೈತ್ರೀ ಅದು' ಎಂದು ಹುಡುಗನ ಕೈಗೆ ಕೊಟ್ಟು ಕೋಣೆಯ ಬಾಗಿಲು ಬಂದ್. ಎರಡೂ ತಪ್ಪು ಎಂದು ಹೇಳುವುದಕ್ಕೇ ಈ ಕರಪತ್ರ.

2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸರಕಾರ ಸೈಕಲ್ ಕೊಟ್ಟಾಗಲೂ 'ಹುಡುಗಿ ಎತ್ತ ಹೋಗ್ತಾಳೋ' ಎಂಬ ಮಾತು ಕಟ್ಟೆಯ ಮೇಲೆ ಎದ್ದಿತ್ತು. ಅವರು ಹೋದದ್ದು ಹೈಸ್ಕೂಲಿಗೆ. ಆದರೆ ಸೈಕಲ್ ಹತ್ತಿದ ಮಗಳು ಯಾವ ದಾರಿ ಹಿಡಿದಳು ಎಂಬುದು ಹೊಲದಲ್ಲಿ ನಿಂತವರಿಗೂ ಕಾಣುತ್ತಿತ್ತು, ಲ್ಯಾಪ್‌ಟಾಪಿನ ದಾರಿ ಕಾಣುವುದಿಲ್ಲ. ಆ ಭಯ ಸುಳ್ಳಲ್ಲ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬಂತು, ಗುಡಿಯ ಅಂಗಳದಲ್ಲಿ, ಗಿಡದ ನೆರಳಲ್ಲಿ 'ವಿದ್ಯಾಗಮ' ನಡೆಯಿತು, ಉಳಿದದ್ದಕ್ಕೆಲ್ಲ ಮಕ್ಕಳ ಕೈಗೆ ಮೊಬೈಲ್ ಬಂತು. ಅದನ್ನು ಬಳಸಲು ಮಕ್ಕಳು ಕಲಿತರು. ಅವರನ್ನು ಕಾಯುವುದು ಹೇಗೆಂದು ಪಾಲಕರಿಗೆ ಮಾತ್ರ ಯಾರೂ ಕೂತು ಹೇಳಲಿಲ್ಲ.

ಮೊದಲ ಮಾತು: ಯಂತ್ರ ಪಡಸಾಲೆಯಲ್ಲಿರಲಿ. ಎಲ್ಲರೂ ಓಡಾಡುವ ಜಾಗದಲ್ಲಿ, ಪರದೆ ಮನೆಯವರ ಕಡೆ ಮುಖ ಮಾಡಿ. ರಾತ್ರಿ ಊಟವಾದ ಮೇಲೆ ಚಾರ್ಜರ್ ಸಮೇತ ದೊಡ್ಡವರ ಬಳಿ. ಇದಕ್ಕೆ ಇಂಗ್ಲಿಷ್ ಬೇಕಿಲ್ಲ.

ಪಕ್ಕದಲ್ಲಿ ಕೂಡುವುದಕ್ಕೂ ಬೇಕಿಲ್ಲ. ಅವ್ವ ಜೋಳ ಹಸನ ಮಾಡುತ್ತ ಕೂತಿದ್ದಾಳೆ, ಮಗಳು ವಿಜ್ಞಾನದ ವಿಡಿಯೊ ನೋಡುತ್ತಿದ್ದಾಳೆ. 'ಏನ್ ಹೇಳಾಕತ್ಯಾರ, ನನಗೂ ಹೇಳವಾ' ಅಂದರೆ ಸಾಕು. 'ಯವ್ವಾ, ಗಿಡ ಬಿಸಿಲಾಗ ತನ್ನ ಅಡಗಿ ತಾನ ಮಾಡ್ಕೊಂತೈತಂತ.' 'ಹಂಗಾರ ರಾತ್ರಿ ಏನ್ ಮಾಡ್ತೈತಿ?' ಮಗಳಿಗೆ ಉತ್ತರ ಗೊತ್ತಿಲ್ಲ, ಮತ್ತೆ ಹುಡುಕುತ್ತಾಳೆ. ಅಕ್ಷರ ಬಾರದ ತಾಯಿ ಅಲ್ಲಿ ಕಾವಲನ್ನೂ ಮಾಡಿದಳು, ಮೇಷ್ಟ್ರ ಕೆಲಸವನ್ನೂ ಮಾಡಿದಳು. ಬಾಯಿಬಿಟ್ಟು ಹೇಳಲು ಹಿಂಜರಿಯುವಂಥದ್ದು ಪರದೆಯ ಮೇಲಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಯಂತ್ರ ಹೇಳಿದ್ದೆಲ್ಲ ಖರೆ ಅಲ್ಲ ಎಂದು ಮಕ್ಕಳಿಗೆ ತೋರಿಸಲು ನಮ್ಮ ಊರಿನ ಹೆಸರೇ ಸಾಕು. 'ಮಂಗಳೂರು ಮಳೆ' ಎಂದು ಹುಡುಕಿದರೆ ಕಡಲಿನ ಮಂಗಳೂರಿನ ಭಾರೀ ಮಳೆಯ ಸುದ್ದಿ ಬರುತ್ತದೆ, ಇಲ್ಲಿ ನಾವು ಮೋಡ ನೋಡುತ್ತ ಕೂತಿರುತ್ತೇವೆ. 'ಇದು ಯಾರ ಬಗ್ಗೆ, ಯಾರು ಬರೆದದ್ದು' ಎಂದು ಕೇಳುವ ರೂಢಿ ಅಲ್ಲಿಂದಲೇ ಶುರುವಾಗಲಿ.

ಇನ್ನು ಜೋಡಣೆಯ ಸಂಗತಿ. ಒಮ್ಮೆ ಶಾಲೆಯ ಸರ್ ಕಡೆಯಿಂದಲೋ ಓದಿದ ಅಳಿಯನ ಕಡೆಯಿಂದಲೋ ಲ್ಯಾಪ್‌ಟಾಪಿನಲ್ಲಿ ಎರಡು ಖಾತೆ ಮಾಡಿಸಿಕೊಳ್ಳಿ: ಅಡ್ಮಿನ್ ಅಧಿಕಾರವಿರುವ ದೊಡ್ಡವರದೊಂದು, ಆ ಅಧಿಕಾರವಿಲ್ಲದ ಮಗುವಿನದೊಂದು. ದೊಡ್ಡವರ ಖಾತೆಗೆ ಅಂಕಿಗಳ ಪಿನ್ ಇರಲಿ. ಎಟಿಎಂ ಪಿನ್ ನೆನಪಿಡುವವರಿಗೆ ಅದು ಕಷ್ಟವಲ್ಲ. ಆಗ ಬಹಳಷ್ಟು ಹೊಸ ಆಟ, ಹೊಸ ತಂತ್ರಾಂಶ ಹಾಕಲು ಮಗು ನಿಮ್ಮನ್ನು ಕರೆಯಬೇಕಾಗುತ್ತದೆ. ಗೂಗಲ್ಲಿನಲ್ಲಿ ಸೇಫ್‌ಸರ್ಚ್ ಹಾಕಿಸಿ, ಯೂಟ್ಯೂಬಿನಲ್ಲಿ ಆಟೋಪ್ಲೇ ತೆಗೆಸಿ. ನಮ್ಮ ಬಹಳಷ್ಟು ಮನೆಗಳಲ್ಲಿ ನೆಟ್ ಬರುವುದು ಅಪ್ಪನ ಮೊಬೈಲಿನ ಹಾಟ್‌ಸ್ಪಾಟಿನಿಂದ. ಅದನ್ನು ಬಂದ್ ಮಾಡಲು ಕಲಿತುಕೊಳ್ಳಿ. ಅದೇ ಮೊಬೈಲಿನಲ್ಲಿ ಫೋನ್‌ಪೇ ಇರುತ್ತದೆ, ಬ್ಯಾಂಕಿನ ಒಟಿಪಿ ಬರುತ್ತದೆ. ಹೀಗಾಗಿ ಯುಪಿಐ ಪಿನ್ ಮಕ್ಕಳಿಗೆ ಹೇಳುವುದು ಬೇಡ, ಎಷ್ಟೇ ಜಾಣ ಮಗುವಾದರೂ.

'ಪ್ರಧಾನಿ ಉಚಿತ ಲ್ಯಾಪ್‌ಟಾಪ್ ಯೋಜನೆ, ಈ ಲಿಂಕ್ ಒತ್ತಿ' ಎಂಬ ಸಂದೇಶ ವಾಟ್ಸ್ಯಾಪಿನಲ್ಲಿ ಆಗಾಗ ತಿರುಗುತ್ತದೆ. ಅದು ಸುಳ್ಳೆಂದು ಕೇಂದ್ರ ಸರಕಾರದ ವಾರ್ತಾ ಸಂಸ್ಥೆ ಪಿಐಬಿಯೇ ಹೇಳಿದೆ. ಮದುವೆ ಕರೆಯೋಲೆಯ ಹೆಸರಲ್ಲಿ ಬರುವ ಎಪಿಕೆ (ಆ್ಯಪ್) ಫೈಲನ್ನು ಮೊಬೈಲಿನಲ್ಲಿ ತೆರೆದು ಹಾಕಿಕೊಂಡರೆ ಒಳಗಿನ ಒಟಿಪಿಗಳೆಲ್ಲ ಕಳ್ಳನ ಕೈಗೆ ಹೋಗಬಹುದು. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಆದ್ದರಿಂದ 'ರಮ್ಮಿ ಆಡಿ ಗೆಲ್ಲಿ' ಎಂದು ಕರೆಯುವವನು ಕಾನೂನಿನ ಹೊರಗಿರುವವನೇ.

ಕಾನೂನು ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದೂ ಕೂಡಬೇಡಿ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಇನ್‌ಸ್ಟಾಗ್ರಾಂನಂಥ ಜಾಲತಾಣಗಳ ಖಾತೆ ಬಂದ್ ಮಾಡಿತು. ನಮ್ಮ 2023ರ ಡಿಜಿಟಲ್ ದತ್ತಾಂಶ ಕಾಯ್ದೆಯೂ 18 ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಹುಟ್ಟಿದ ಇಸವಿ ತಪ್ಪು ಬರೆಯುವುದನ್ನು ಎಂಟನೇ ಕ್ಲಾಸಿನ ಹುಡುಗನಿಗೆ ಯಾರೂ ಕಲಿಸಬೇಕಿಲ್ಲ.

ಈಗ ಈ ಕರಪತ್ರದ ಮುಖ್ಯ ಮಾತು. ಸ್ವಲ್ಪ ಕಹಿಯಾಗಿದೆ, ಸಹಿಸಿಕೊಳ್ಳಿ.

ಮಗಳ ಫೋಟೋವನ್ನು ಯಾವನೋ ಎಲ್ಲಿಂದಲೋ ತೆಗೆದು ಕೆಟ್ಟದಾಗಿ ತಿದ್ದಿ, 'ದುಡ್ಡು ಕಳಿಸು, ಇಲ್ಲಾಂದ್ರ ನಿಮ್ಮಪ್ಪಗ ಕಳಸ್ತೀನಿ' ಅನ್ನುತ್ತಾನೆ. ಅವನ ಕೈಯಲ್ಲಿರುವ ಆಯುಧ ಫೋಟೋ ಅಲ್ಲ, 'ನಿಮ್ಮಪ್ಪಗ' ಎಂಬ ಆ ಮಾತು. ಅಪ್ಪನಿಗೆ ಗೊತ್ತಾದರೆ ಹೊಡೆತ ಬೀಳುತ್ತದೆ, ಲ್ಯಾಪ್‌ಟಾಪ್ ಹೋಗುತ್ತದೆ, ಸಾಲಿ ಬಿಡಿಸುತ್ತಾರೆ, ಮುಂದಿನ ಬಸವ ಜಯಂತಿಯೊಳಗೆ ಮದುವೆ ಮಾಡಿ ಕಳಿಸುತ್ತಾರೆ ಎಂದು ಹುಡುಗಿಗೆ ಗೊತ್ತು. ಬಾಲ್ಯವಿವಾಹದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಆ ಹೆದರಿಕೆಯ ಮೇಲೆಯೇ ಅವನ ದಂಧೆ ನಡೆಯುವುದು. ಹುಡುಗರಿಗೂ ಹೀಗೇ ಆಗುತ್ತದೆ, ಅವರು ಇನ್ನೂ ಬಾಯಿ ಬಿಡುವುದಿಲ್ಲ.

ಅದಕ್ಕೆ ಏನೂ ಆಗದಿರುವಾಗಲೇ, ಈ ವಾರವೇ, ಮಗುವನ್ನು ಕರೆದು ಹೇಳಿ: 'ಏನರ ಆದ್ರ ನನ್ನ ಮುಂದ ಹೇಳು. ಬಯ್ಯಂಗಿಲ್ಲ, ಲ್ಯಾಪ್‌ಟಾಪ್ ಕಸ್ಗಳ್ಳಂಗಿಲ್ಲ, ಸಾಲಿ ಬಿಡಸಂಗಿಲ್ಲ.' ಹೇಳಿದ ಮೇಲೆ ಅದರಂತೆ ನಡೆದುಕೊಳ್ಳಿ. ನೀವು ಒಮ್ಮೆ ಮಾತು ತಪ್ಪಿದರೆ ಮಗು ಎರಡನೇ ಸಲ ನಿಮ್ಮ ಬಳಿ ಬರುವುದಿಲ್ಲ.

ಮಗು ಬಂದು ಹೇಳಿದಾಗ, ಬೆದರಿಸುವವನಿಗೆ ಹಣ ಕಳಿಸಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದು, ಆ ಖಾತೆಯ ಹೆಸರು, ನಂಬರ್ ಬರೆದಿಟ್ಟುಕೊಂಡು ಬ್ಲಾಕ್ ಮಾಡಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಅವಕಾಶ ಹೆಚ್ಚು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಕೊಪ್ಪಳದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇಂಥ ಪ್ರಕರಣಗಳನ್ನೂ ನೋಡುತ್ತದೆ. 18 ತುಂಬದವರ ಅಂಥ ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಅಲ್ಲಿ ಫೋಟೋ ಕಳಿಸಬೇಕಿಲ್ಲ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ.

'ಠಾಣೆಗೆ ಹೋದರೆ ಮಾನ ಹೋಗ್ತೈತಿ' ಎನ್ನುವವರು ಕೇಳಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಅಥವಾ ಮಗು ಬಯಸಿದ ಜಾಗದಲ್ಲಿ, ಆದಷ್ಟೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಆಗ ಅವರು ಸಮವಸ್ತ್ರದಲ್ಲಿ ಇರಬಾರದು. ಪತ್ರಿಕೆ, ಟಿವಿಯವರು ಮಗುವಿನ ಹೆಸರು, ವಿಳಾಸ, ಶಾಲೆಯ ಗುರುತು ಹೊರಹಾಕಿದರೆ ಅದೇ ಅಪರಾಧ.

ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗುವ ಅಪ್ಪ-ಅವ್ವಂದಿರೇ, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟಿದ್ದೀರಿ. ರಾತ್ರಿ ವಿಡಿಯೊ ಕಾಲ್ ಮಾಡಿದಾಗ 'ಊಟ ಆತೇನು' ಜೊತೆಗೆ 'ಇವತ್ತು ಲ್ಯಾಪ್‌ಟಾಪಿನಾಗ ಏನ್ ನೋಡಿದಿ' ಎಂದೂ ಕೇಳಿ. ಹೊಸ ಗೆಳೆಯನ ಹೆಸರು ಬಂದರೆ ಅವನ ಊರು ಕೇಳಿ. ಬೀಗರ ಮನೆತನ ವಿಚಾರಿಸುವಷ್ಟು ಬೇಡ, ಅದರ ಕಾಲು ಭಾಗ ಸಾಕು.

ಶಾಲೆಯವರ ಮೇಲೆಯೂ ನಮ್ಮದೊಂದು ಹಕ್ಕಿದೆ. 'ಸಮುದಾಯದತ್ತ ಶಾಲೆ' ಸಭೆಗೆ ನಮ್ಮನ್ನು ಕರೆದು ಅಂಕಪಟ್ಟಿ ತೋರಿಸಿ ಕಳಿಸುತ್ತಾರೆ. ಮುಂದಿನ ಸಭೆಯಲ್ಲಿ ಒಂದು ತಾಸು ಲ್ಯಾಪ್‌ಟಾಪ್ ತೆರೆದು ಖಾತೆ, ಪಿನ್, ಸೇಫ್‌ಸರ್ಚ್ ತೋರಿಸಿಕೊಡಿ ಎಂದು ಎಸ್‌ಡಿಎಂಸಿ ಸದಸ್ಯರ ಮೂಲಕ ಕೇಳೋಣ. ಮನೆಯಲ್ಲಿ ಯಂತ್ರವಿಲ್ಲದವರಿಗಾಗಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಕಂಪ್ಯೂಟರ್ ಸಂಜೆಯೂ ತೆರೆದಿರಲಿ ಎಂದು ಗ್ರಾಮಸಭೆಯಲ್ಲಿ ಬರೆದು ಕೊಡೋಣ. ಅರ್ಜಿಗೆ ತಾಯಂದಿರ ಸಹಿ, ಹೆಬ್ಬೆಟ್ಟು ಹೆಚ್ಚಿರಲಿ. ಶಾಲೆ ಬಿಟ್ಟ ಮೇಲೆ ಮಕ್ಕಳು ಎಲ್ಲಿದ್ದಾರೆಂದು ಲಕ್ಷ್ಯ ಇಡುವವರು ಅವರೇ.